ಹಡಗಿನ ಚೀಫ್ ಇಂಜಿನಿಯರ್: ಕೈ ಯಾರದು, ಸಹಿ ಯಾರದು?

ಕೊಯಮತ್ತೂರಿನಲ್ಲಿ ವಿ.ಓ.ಸಿ. ಪಾರ್ಕ್ ಗೊತ್ತಿಲ್ಲದ ಮಕ್ಕಳು ಸಿಗುವುದು ಕಷ್ಟ. ಆ ಹೆಸರು ವಿ.ಓ. ಚಿದಂಬರಂ ಪಿಳ್ಳೆಯವರದು. ತಮಿಳುನಾಡಿನಲ್ಲಿ ಅವರನ್ನು 'ಕಪ್ಪಲೋಟ್ಟಿಯ ತಮಿಳನ್' ಎಂದು ಕರೆಯುತ್ತಾರೆ. ಕಪ್ಪಲ್ ಎಂದರೆ ಹಡಗು. ಕನ್ನಡದಲ್ಲಿ ಹೇಳುವುದಾದರೆ 'ಹಡಗು ಓಡಿಸಿದ ತಮಿಳ'. ಇದೇ ಹೆಸರಿನ ಸಿನಿಮಾ 1961ರಲ್ಲಿ ಬಂತು, ಶಿವಾಜಿ ಗಣೇಶನ್ ನಟಿಸಿದ್ದರು. ಅದನ್ನು ತೆಗೆದವರು ನಮ್ಮ ಬಿ.ಆರ್. ಪಂತುಲು. ಅದೇ ವರ್ಷ ಕನ್ನಡದಲ್ಲಿ 'ಕಿತ್ತೂರು ಚೆನ್ನಮ್ಮ' ಕೊಟ್ಟವರೂ ಅವರೇ!

ಈ ಪಾಠ ಮಾಡುವಾಗ ಯಾವುದಾದರೂ ಒಂದು ಮಗು ಕೇಳಿಯೇ ಕೇಳುತ್ತದೆ: "ಸಾರ್, ಹಡಗನ್ನು ಅವರೇ ಓಡಿಸಿದ್ರಾ?" ಇಲ್ಲ. ಅವರು ತೂತ್ತುಕುಡಿಯ ವಕೀಲರು, ಹಡಗಿನ ಕಂಪನಿ ಕಟ್ಟಿದವರು. ಹಾಗಾದರೆ ಓಡಿಸಿದವರು ಯಾರು? "ಕ್ಯಾಪ್ಟನ್" ಎಂದು ಮಕ್ಕಳು ತಟ್ಟನೆ ಹೇಳುತ್ತಾರೆ. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಉತ್ತರ ಹಡಗಿನ ಹೊಟ್ಟೆಯೊಳಗೆ, ಎಂಜಿನ್ ರೂಮಿನಲ್ಲಿದೆ. ಅಲ್ಲಿಯ ಯಜಮಾನನಿಗೆ ಚೀಫ್ ಇಂಜಿನಿಯರ್ ಎಂದು ಹೆಸರು. ಹಡಗಿನಲ್ಲಿ ಎಲ್ಲರೂ ಅವರನ್ನು ಸುಮ್ಮನೆ 'ಚೀಫ್' ಎನ್ನುತ್ತಾರೆ.

ಈ ಹುದ್ದೆಯ ಚರಿತ್ರೆಯನ್ನು ಹುಡುಕುತ್ತಾ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎಂಜಿನ್ ರೂಮಿನಲ್ಲಿ ಭಾರತೀಯರ ಕೈಗಳು ಉಗಿಹಡಗಿನ ಕಾಲದಿಂದಲೂ ಇದ್ದವು. ಆದರೆ 'ಈ ಯಂತ್ರಕ್ಕೆ ನಾನು ಜವಾಬ್ದಾರ' ಎಂದು ಸಹಿ ಹಾಕುವ ಅಧಿಕಾರ ಆ ಕೈಗಳಿಗೆ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. ಆ ಕಥೆಯ ಒಂದು ಮುಖ್ಯ ಘಟ್ಟ ನಡೆದದ್ದು ಸಮುದ್ರವೇ ಇಲ್ಲದ ಕೊಯಮತ್ತೂರಿನಲ್ಲಿ.

ಚೀಫ್ ಮಾಡುವ ಕೆಲಸ ಏನು?

ಮೊದಲು ಕೆಲಸವನ್ನು ತಿಳಿದುಕೊಳ್ಳೋಣ. ಇಡೀ ಹಡಗಿನ ಮುಖ್ಯಸ್ಥ ಕ್ಯಾಪ್ಟನ್. ಕಾನೂನಿನ ಭಾಷೆಯಲ್ಲಿ ಅವರು ಮಾಸ್ಟರ್. ಹಡಗು ಯಾವ ದಿಕ್ಕಿಗೆ ಹೋಗಬೇಕು, ಯಾವ ವೇಗದಲ್ಲಿ ಹೋಗಬೇಕು ಎನ್ನುವುದು ಅವರ ತೀರ್ಮಾನ. ಆ ವೇಗವನ್ನು ಕೊಡುವ ಯಂತ್ರ ಚೀಫ್ ಇಂಜಿನಿಯರ್ ವಶದಲ್ಲಿರುತ್ತದೆ. ಮುಖ್ಯ ಎಂಜಿನ್, ಕರೆಂಟು ಕೊಡುವ ಜನರೇಟರುಗಳು, ಬಾಯ್ಲರ್, ಪಂಪುಗಳು, ಚುಕ್ಕಾಣಿ ತಿರುಗಿಸುವ ಯಂತ್ರ, ಎಣ್ಣೆ ಶುದ್ಧ ಮಾಡುವ ಯಂತ್ರ, ಸಮುದ್ರದ ನೀರಿನಿಂದ ಸಿಹಿನೀರು ಮಾಡುವ ಯಂತ್ರ, ಅಡುಗೆಮನೆಯ ಶೀತಲ ಕೋಣೆ, ಬೆಂಕಿ ಆರಿಸುವ ಪಂಪು, ಎಲ್ಲವೂ ಅವರ ಲೆಕ್ಕಕ್ಕೆ ಬರುತ್ತವೆ. ನಡುಸಮುದ್ರದಲ್ಲಿ ಮೆಕ್ಯಾನಿಕ್ಕನ್ನು ಫೋನ್ ಮಾಡಿ ಕರೆಸುವಂತಿಲ್ಲ. ಅಂಗಡಿಗೆ ಓಡಿಹೋಗಿ ವಾಷರ್ ತರುವಂತಿಲ್ಲ. ಹಡಗು ಒಂದು ಸಣ್ಣ ಊರಿದ್ದಂತೆ. ಆ ಊರಿನ ಕರೆಂಟು, ನೀರು, ಕಸ, ಎಲ್ಲವನ್ನೂ ನೋಡಿಕೊಳ್ಳುವವರು ಇವರೇ.

ಯಂತ್ರದ ಗಾತ್ರ ಎಷ್ಟಿರಬಹುದು? ನಮ್ಮ ಕಡೆಯ ರೈತರಿಗೆ ಕೊಯಮತ್ತೂರಿನ ಪಂಪ್‌ಸೆಟ್ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಐದು ಅಶ್ವಶಕ್ತಿಯ ಮೋಟಾರು. 2006ರಲ್ಲಿ ನೀರಿಗಿಳಿದ 'ಎಮ್ಮಾ ಮೇರ್ಸ್ಕ್' ಎಂಬ ಕಂಟೈನರ್ ಹಡಗಿನ ಮುಖ್ಯ ಎಂಜಿನ್ನಿನ ಶಕ್ತಿ ಸುಮಾರು 1,09,000 ಅಶ್ವಶಕ್ತಿ. ಅಂದರೆ ಅಂಥ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಮೋಟಾರುಗಳನ್ನು ಒಟ್ಟಿಗೆ ಇಟ್ಟಷ್ಟು! ತೂಕ ಸುಮಾರು 2,300 ಟನ್. ಹದಿನಾಲ್ಕು ಸಿಲಿಂಡರುಗಳು, ಒಂದೊಂದರ ಬಾಯಿ 96 ಸೆಂಟಿಮೀಟರ್ ಅಗಲ. ಇಷ್ಟಾಗಿಯೂ ಅದು ನಿಮಿಷಕ್ಕೆ ತಿರುಗುವುದು ಹೆಚ್ಚೆಂದರೆ ನೂರೆರಡು ಸುತ್ತು. ನಿಧಾನವಾಗಿ, ಭಾರವಾಗಿ, ದಿನಗಟ್ಟಲೆ ನಿಲ್ಲದೆ ತಿರುಗುವುದು ಅದರ ಧರ್ಮ.

ಚೀಫ್ ಒಬ್ಬರೇ ಇದನ್ನೆಲ್ಲ ಮಾಡುವುದಿಲ್ಲ. ಅವರ ಕೈಕೆಳಗೆ ಸೆಕೆಂಡ್ ಇಂಜಿನಿಯರ್ ಇರುತ್ತಾರೆ. ದಿನದ ಕೆಲಸ ಹಂಚುವುದು, ಜನರನ್ನು ದುಡಿಸುವುದು ಸೆಕೆಂಡ್ ಅವರ ಪಾಲು. ಥರ್ಡ್, ಫೋರ್ತ್ ಇಂಜಿನಿಯರುಗಳಿಗೆ ಜನರೇಟರ್, ಕಂಪ್ರೆಸರ್, ಎಣ್ಣೆ ಶುದ್ಧ ಮಾಡುವ ಯಂತ್ರ ಹೀಗೆ ಹಂಚಿಕೆ ಇರುತ್ತದೆ. ವಿದ್ಯುತ್ ಕೆಲಸಕ್ಕೆ ಪ್ರತ್ಯೇಕ ಅಧಿಕಾರಿ. ಅವರ ಕೆಳಗೆ ಫಿಟ್ಟರ್, ಮೋಟರ್‌ಮ್ಯಾನ್, ವೈಪರ್. ಶಾಲೆಗೆ ಹೋಲಿಸಿದರೆ ಚೀಫ್ ಮುಖ್ಯೋಪಾಧ್ಯಾಯರು ಎನ್ನಬಹುದು. ಎಲ್ಲ ತರಗತಿಗೂ ಅವರೇ ಹೋಗಿ ಪಾಠ ಮಾಡುವುದಿಲ್ಲ, ಆದರೆ ಯಾವ ತರಗತಿಯಲ್ಲಿ ಏನಾದರೂ ಉತ್ತರ ಹೇಳಬೇಕಾದವರು ಅವರು.

ಅವರ ದಿನದ ಬಹುಪಾಲು ಹೋಗುವುದು ನೋಡುವುದರಲ್ಲಿ, ಬರೆಯುವುದರಲ್ಲಿ, ತೀರ್ಮಾನ ಮಾಡುವುದರಲ್ಲಿ. ಯಾವ ಯಂತ್ರವನ್ನು ಎಷ್ಟು ಗಂಟೆ ಓಡಿದ ಮೇಲೆ ಬಿಚ್ಚಬೇಕು? ಮುಂದಿನ ಬಂದರಿನ ತನಕ ಎಣ್ಣೆ ಸಾಕೇ? ಬಿಡಿಭಾಗ ಎಷ್ಟು ಉಳಿದಿದೆ? ಬಂದರಿನಲ್ಲಿ ಎಣ್ಣೆ ತುಂಬಿಸುವಾಗ ಪ್ರತಿಯೊಂದು ಟ್ಯಾಂಕಿನ ಮಟ್ಟ ಅಳೆದು, ಎಣ್ಣೆಯ ಮಾದರಿ ತೆಗೆದು, ಮುಚ್ಚಿ ಮೊಹರು ಮಾಡಿಸಿ, ರಶೀದಿಗೆ ಸಹಿ ಹಾಕಬೇಕು. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಪ್ರಮಾಣ ಶೇಕಡಾ 0.5 ಮೀರಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಬಂದಿದೆ (ಹೊಗೆ ತೊಳೆಯುವ ಯಂತ್ರವಿರುವ ಹಡಗುಗಳಿಗೆ ವಿನಾಯಿತಿ ಇದೆ). ಅದಕ್ಕೆ ಮೊದಲು 3.5ರ ತನಕ ಬಿಡುತ್ತಿದ್ದರು. ಹಾಗಾಗಿ ಆ ರಶೀದಿಗೂ ಮಾದರಿಗೂ ಈಗ ಇನ್ನಷ್ಟು ಬೆಲೆ. ಇನ್ನೊಂದು 'ಆಯಿಲ್ ರೆಕಾರ್ಡ್ ಬುಕ್'. ಎಂಜಿನ್ ರೂಮಿನ ತಳದಲ್ಲಿ ಸೇರುವ ಎಣ್ಣೆ ಬೆರೆತ ನೀರನ್ನು ಏನು ಮಾಡಿದಿರಿ ಎಂಬುದನ್ನು ತಾರೀಕು, ಜಾಗ, ಪ್ರಮಾಣದ ಸಮೇತ ಅದರಲ್ಲಿ ಬರೆಯಬೇಕು. ಕದ್ದು ಸಮುದ್ರಕ್ಕೆ ಬಿಟ್ಟು ಸುಳ್ಳು ಬರೆದು ಸಿಕ್ಕಿಬಿದ್ದ ಚೀಫ್‌ಗಳು ಅಮೆರಿಕದ ನ್ಯಾಯಾಲಯಗಳಲ್ಲಿ ಶಿಕ್ಷೆ ಅನುಭವಿಸಿದ ಪ್ರಕರಣಗಳು ಹಲವಾರು ಇವೆ.

ಸಹಿಗೆ ಬೆಲೆ ಬಂದದ್ದು ಯಾವಾಗ?

ಹಾಯಿಹಡಗಿನ ಕಾಲದಲ್ಲಿ ಇಂಜಿನಿಯರ್ ಎಂಬ ಹುದ್ದೆಯೇ ಇರಲಿಲ್ಲ. ಗಾಳಿ ಬೀಸಿದರೆ ಹಡಗು ಹೋಗುತ್ತಿತ್ತು. ಉಗಿಯಂತ್ರ ಹಡಗಿಗೆ ಬಂದ ಮೇಲೆ ಅದನ್ನು ತಿಳಿದವರು ಬೇಕಾದರು. 'ಎಂಟರ್‌ಪ್ರೈಸ್' ಎಂಬ ಉಗಿಹಡಗು ಇಂಗ್ಲೆಂಡಿನಿಂದ ಹೊರಟು 1825ರ ಡಿಸೆಂಬರಿನಲ್ಲಿ ಕಲ್ಕತ್ತಾ ತಲುಪಿತು. 1830ರಲ್ಲಿ ಬೊಂಬಾಯಿಯಲ್ಲೇ ಕಟ್ಟಿದ 'ಹ್ಯೂ ಲಿಂಡ್ಸೆ' ಬೊಂಬಾಯಿಯಿಂದ ಸೂಯೆಜ್‌ಗೆ ಹೊರಟಿತು.

ಬಾಯ್ಲರ್ ಎಂದರೆ ಹುಡುಗಾಟವಲ್ಲ. ನೀರು ಕಡಿಮೆಯಾದರೆ ಅಥವಾ ಒತ್ತಡ ಮೀರಿದರೆ ಅದು ಸಿಡಿಯುತ್ತದೆ. ಆ ಕಾಲದಲ್ಲಿ ಅಂಥ ಸಾವುಗಳು ಬಹಳ. ಹಾಗಾಗಿ ಬ್ರಿಟಿಷ್ ಸಂಸತ್ತು 1862ರಲ್ಲಿ ಒಂದು ಕಾನೂನು ಮಾಡಿತು. ದೂರ ದೇಶಗಳಿಗೆ ಹೋಗುವ, ನೂರು ಅಶ್ವಶಕ್ತಿ ಮತ್ತು ಮೇಲ್ಪಟ್ಟ ಉಗಿಹಡಗುಗಳಲ್ಲಿ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದ ಇಂಜಿನಿಯರುಗಳು ಇರಲೇಬೇಕು. ಒಬ್ಬರು ಮೊದಲ ದರ್ಜೆ, ಇನ್ನೊಬ್ಬರು ಎರಡನೆಯ ದರ್ಜೆ. ಇಂದಿನ ಚೀಫ್ ಮತ್ತು ಸೆಕೆಂಡ್ ಎಂಬ ಏರ್ಪಾಡಿನ ಬೇರು ಇಲ್ಲಿದೆ. ಭಾರತದಲ್ಲಿ ಇಂದಿಗೂ ಚೀಫ್ ಆಗಬೇಕಾದರೆ 'ಕ್ಲಾಸ್ ಒನ್' ಪ್ರಮಾಣಪತ್ರ ಪಡೆಯಬೇಕು.

ಆ ಕಾನೂನಿನ ಪರಿಣಾಮ ಗಮನಿಸಿ. ಅಲ್ಲಿಯವರೆಗೆ ಯಂತ್ರ ತಿಳಿದವನು ಇಂಜಿನಿಯರ್. ಅಲ್ಲಿಂದಾಚೆಗೆ ಕಾಗದ ಇರುವವನು ಇಂಜಿನಿಯರ್. ಜನರ ಪ್ರಾಣದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಆ ಕಾಗದ ಯಾರಿಗೆ ಸುಲಭವಾಗಿ ಸಿಗುತ್ತಿತ್ತು ಎಂಬ ಪ್ರಶ್ನೆಯೂ ಇಲ್ಲೇ ಹುಟ್ಟುತ್ತದೆ.

ಬೆಂಕಿಯ ಮುಂದೆ ನಿಂತವರು

ಇಂಗ್ಲಿಷರ ಹಡಗುಗಳ ಎಂಜಿನ್ ರೂಮಿನಲ್ಲಿ ಬೆವರು ಸುರಿಸಿದವರಲ್ಲಿ ನಮ್ಮವರು ಬಹಳ. ಅವರನ್ನು ಲಸ್ಕರರು ಎನ್ನುತ್ತಿದ್ದರು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 50,000 ಲಸ್ಕರರು ಇದ್ದರು. ಅವರಲ್ಲಿ ಸಿಲ್ಹೆಟ್ಟಿನವರು, ಪಂಜಾಬಿನವರು, ಗುಜರಾತಿನವರು, ಕೊಂಕಣದವರು ಎಲ್ಲ ಇದ್ದರು. ಎಂಜಿನ್ ರೂಮಿನ ಕೆಲಸಗಳಿಗೆ ಅವರದೇ ಹೆಸರುಗಳು. ಗುಂಪಿನ ಮೇಸ್ತ್ರಿ ಸಾರಂಗ್. ಅವನ ಸಹಾಯಕ ಟಿಂಡಾಲ್. ಒಲೆಗೆ ಕಲ್ಲಿದ್ದಲು ಹಾಕುವವನು ಆಗ್‌ವಾಲಾ. ಕಲ್ಲಿದ್ದಲು ಹೊತ್ತು ತರುವವನು ಕೋಯ್ಲಾವಾಲಾ. ಯಂತ್ರಕ್ಕೆ ಎಣ್ಣೆ ಬಿಡುವವನು ತೇಲ್‌ವಾಲಾ. ಕೆಂಪು ಸಮುದ್ರದ ಬಿಸಿಲಿನಲ್ಲಿ, ಒಲೆಯ ಬಾಯಿಯೆದುರು, ಸಲಿಕೆ ಹಿಡಿದು ನಿಂತವರು ಇವರು. ಬಿಳಿಯ ನಾವಿಕರ ಸಂಬಳದ ಒಂದು ಸಣ್ಣ ಪಾಲು ಇವರಿಗೆ ಸಿಗುತ್ತಿತ್ತು.

ಇವರಿಗೆ ಯಂತ್ರ ತಿಳಿದಿರಲಿಲ್ಲವೇ? ಹತ್ತಿಪ್ಪತ್ತು ವರ್ಷ ಎಂಜಿನ್ ರೂಮಿನಲ್ಲಿ ಕಳೆದ ಸಾರಂಗ್‌ಗೆ ಶಬ್ದ ಕೇಳಿದರೇ ಯಂತ್ರದ ಆರೋಗ್ಯ ತಿಳಿಯುತ್ತಿತ್ತು. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ. ಅದಕ್ಕೆ ಬೇಕಾದ ವರ್ಕ್‌ಶಾಪ್ ತರಬೇತಿ, ಓದು, ಶಿಫಾರಸು ಯಾವುದೂ ಅವರ ಕೈಗೆ ಎಟುಕುತ್ತಿರಲಿಲ್ಲ. ಕೈ ಅವರದು, ಸಹಿ ಬೇರೆಯವರದು.

ಈ ಗೋಡೆಯನ್ನು ಬಹಳ ಹಿಂದೆಯೇ ದಾಟಿದ ಒಬ್ಬರಿದ್ದರು. ಅವರು ಆರ್ದೇಶಿರ್ ಕರ್ಸೆಟ್‌ಜಿ, ಬೊಂಬಾಯಿಯ ಪ್ರಸಿದ್ಧ ವಾಡಿಯಾ ಮನೆತನದವರು. ಹುಟ್ಟಿದ್ದು 1808. ಹಡಗು ಕಟ್ಟುವುದು ಅವರ ಮನೆಯ ಕಸುಬು. 1833ರಲ್ಲಿ 'ಇಂಡಸ್' ಎಂಬ ಸಣ್ಣ ಉಗಿಹಡಗನ್ನು ನೀರಿಗಿಳಿಸಿದರು. 1839ರಲ್ಲಿ ಇಂಗ್ಲೆಂಡಿಗೆ ಹೋಗಿ ಉಗಿಯಂತ್ರದ ವಿದ್ಯೆಯನ್ನು ಇನ್ನಷ್ಟು ಕಲಿತರು. 1841ರಲ್ಲಿ ಬೊಂಬಾಯಿಯ ಸ್ಟೀಮ್ ಫ್ಯಾಕ್ಟರಿಗೆ ಚೀಫ್ ಇಂಜಿನಿಯರ್ ಆದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಈ ಗೌರವ ಪಡೆದ ಮೊದಲ ಭಾರತೀಯ ಅವರೇ. ಶ್ರೀನಿವಾಸ ರಾಮಾನುಜನ್ ಆ ಗೌರವ ಪಡೆದದ್ದು 1918ರಲ್ಲಿ, ಅಂದರೆ ಎಪ್ಪತ್ತೇಳು ವರ್ಷಗಳ ನಂತರ!

ಆರ್ದೇಶಿರ್ ಅವರದು ಹಡಗಿನ ಮೇಲಿನ ಹುದ್ದೆಯಲ್ಲ, ದಡದ ಕಾರ್ಖಾನೆಯದು. ಆದರೂ ಅದರ ಅರ್ಥ ದೊಡ್ಡದು. ಅವರ ಕೈಕೆಳಗೆ ಯೂರೋಪಿಯನ್ ಕೆಲಸಗಾರರಿದ್ದರು. ಒಬ್ಬ ಭಾರತೀಯ ಬಿಳಿಯರ ಮೇಲೆ ಅಧಿಕಾರ ನಡೆಸುವುದೇ ಎಂದು ಅಲ್ಲಿಯ ಇಂಗ್ಲಿಷ್ ಪತ್ರಿಕೆ ಆಕ್ಷೇಪ ಎತ್ತಿತು. ಅವರು ಜಗ್ಗಲಿಲ್ಲ. 1857ರವರೆಗೆ ಆ ಹುದ್ದೆಯಲ್ಲಿದ್ದರು. 1969ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು. ಆದರೆ ಅವರು ಹಾಕಿದ ದಾರಿ ಹೆದ್ದಾರಿಯಾಗಲಿಲ್ಲ. ಶ್ರೀಮಂತ ಮನೆತನದ ಒಬ್ಬ ಪ್ರತಿಭಾವಂತ ಗೋಡೆ ಹಾರಿದ, ಅಷ್ಟೇ. ಸಾಮಾನ್ಯರಿಗೆ ಬಾಗಿಲು ತೆರೆಯಬೇಕಾದರೆ ಒಂದು ಶಾಲೆ ಬೇಕು.

ತೂತ್ತುಕುಡಿಯ ಹಡಗು, ಕೊಯಮತ್ತೂರಿನ ಗಾಣ

ಆ ಮಾತನ್ನು ಅರಿತಿದ್ದವರು ವಿ.ಓ.ಸಿ. 1906ರಲ್ಲಿ ತೂತ್ತುಕುಡಿಯಲ್ಲಿ ಅವರು 'ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ' ನೋಂದಾಯಿಸಿದರು. ಬಂಡವಾಳ ಹತ್ತು ಲಕ್ಷ ರೂಪಾಯಿ. ಅದನ್ನು ಇಪ್ಪತ್ತೈದು ರೂಪಾಯಿಯ 40,000 ಷೇರುಗಳಾಗಿ ಮಾಡಿದ್ದರು, ಸಾಮಾನ್ಯ ಜನರೂ ಕೊಳ್ಳಲಿ ಎಂದು. ಆಗ ತೂತ್ತುಕುಡಿ ಮತ್ತು ಕೊಲಂಬೊ ನಡುವಿನ ಸಂಚಾರ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಿಡಿತದಲ್ಲಿತ್ತು. ಮೊದಲು ಬಾಡಿಗೆ ಹಡಗು ಓಡಿಸಿದರು. ಬಾಡಿಗೆಗೂ ಅಡ್ಡಿ ಬಂದಾಗ ಸ್ವಂತ ಹಡಗು ಕೊಳ್ಳಲು ಹೊರಟರು. 1907ರಲ್ಲಿ 'ಗಾಲಿಯಾ', 'ಲಾವೋ' ಎಂಬ ಎರಡು ಹಡಗುಗಳು ಬಂದವು.

ಮುಂದೆ ನಡೆದದ್ದು ದರದ ಯುದ್ಧ. ಬ್ರಿಟಿಷ್ ಕಂಪನಿ ಟಿಕೆಟ್ಟನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಎಂಟಾಣೆಗೆ ಇಳಿಸಿತು. ಆಗ ಅವರು ಪುಕ್ಕಟೆ ಕರೆದೊಯ್ಯುವುದಾಗಿ, ಮೇಲೊಂದು ಕೊಡೆ ಕೊಡುವುದಾಗಿ ಹೇಳಿದರಂತೆ! ಈ ಕಥೆ ತಮಿಳುನಾಡಿನಲ್ಲಿ ಮನೆಮಾತು.

ಆದರೆ ಹೆಚ್ಚು ಜನ ಗಮನಿಸದ ಸಂಗತಿ ಇನ್ನೊಂದಿದೆ. ಹಡಗಿನಲ್ಲಿ ಜನರನ್ನು ಸಾಗಿಸುವುದಷ್ಟೇ ಆ ಕಂಪನಿಯ ಗುರಿಯಾಗಿರಲಿಲ್ಲ. ಹಡಗು ನಡೆಸುವ, ಹಡಗು ಕಟ್ಟುವ ವಿದ್ಯೆಯನ್ನು ನಮ್ಮವರಿಗೆ ಕಲಿಸುವುದು, ಅದಕ್ಕೆ ಶಾಲೆಗಳನ್ನು ತೆರೆಯುವುದು ಕೂಡ ಅದರ ಉದ್ದೇಶಗಳಲ್ಲಿ ಸೇರಿತ್ತು. ಹಡಗನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಅದರ ಯಂತ್ರಕ್ಕೆ ಜವಾಬ್ದಾರರಾಗಬಲ್ಲ ಮನುಷ್ಯರನ್ನು ಕೊಳ್ಳಲಾಗುವುದಿಲ್ಲ, ಬೆಳೆಸಬೇಕು. ಇದು ಆ ವಕೀಲರಿಗೆ ಗೊತ್ತಿತ್ತು.

ಶಾಲೆ ತೆರೆಯುವಷ್ಟು ಸಮಯ ಸಿಗಲಿಲ್ಲ. 1908ರ ಮಾರ್ಚಿನಲ್ಲಿ ಅವರ ಬಂಧನವಾಯಿತು. ಜುಲೈನಲ್ಲಿ ರಾಜದ್ರೋಹದ ಆರೋಪದ ಮೇಲೆ ಎರಡು ಜೀವಾವಧಿ ಶಿಕ್ಷೆ ವಿಧಿಸಿದರು, ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಅದೇ ತಿಂಗಳು ಅವರನ್ನು ಕೊಯಮತ್ತೂರಿನ ಸೆಂಟ್ರಲ್ ಜೈಲಿಗೆ ತಂದರು. 1910ರ ಕೊನೆಯವರೆಗೆ ಅವರು ಇಲ್ಲಿದ್ದರು. ಇಲ್ಲಿಯೇ ಅವರನ್ನು ಎತ್ತಿನ ಬದಲು ಎಣ್ಣೆ ಗಾಣಕ್ಕೆ ಕಟ್ಟಿ ತಿರುಗಿಸಿದ್ದು. ಉಗಿಯಂತ್ರದ ಹಡಗುಗಳನ್ನು ತಂದವರನ್ನು, ಮನುಷ್ಯನ ಹೆಗಲ ಬಲದಿಂದ ತಿರುಗುವ ಗಾಣಕ್ಕೆ ಹೂಡಿದರು. ಅಂಥ ಗಾಣವನ್ನು ಸ್ಮಾರಕವಾಗಿ ಕಾಪಾಡಲಾಗಿದೆ. ಅವರು ಜೈಲಿನಲ್ಲಿರುವಾಗಲೇ, 1911ರಲ್ಲಿ, ಕಂಪನಿ ಮುಚ್ಚಿತು. 1912ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಬಂದಾಗ ಹಡಗುಗಳೂ ಇರಲಿಲ್ಲ, ವಕೀಲಿ ಮಾಡುವ ಹಕ್ಕೂ ಉಳಿದಿರಲಿಲ್ಲ. 1936ರಲ್ಲಿ ತೀರಿಕೊಂಡರು.

ಕನ್ನಡದ ಓದುಗರಿಗೆ ಇಲ್ಲೊಂದು ಮಾತು ನೆನಪಿಸಬೇಕು. ಆಗಿನ ಕೊಯಮತ್ತೂರು ಜಿಲ್ಲೆ ಇಂದಿನಷ್ಟು ಚಿಕ್ಕದಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಸತ್ಯಮಂಗಲ, ತಾಳವಾಡಿ ಕಡೆಯವರು 1979ರಲ್ಲಿ ಈರೋಡು ಜಿಲ್ಲೆ ಆಗುವವರೆಗೆ ಕೊಯಮತ್ತೂರು ಜಿಲ್ಲೆಯವರು. ತಿರುಪ್ಪೂರು ಜಿಲ್ಲೆಯಾದದ್ದು 2009ರಲ್ಲಿ. ಅಂದರೆ ವಿ.ಓ.ಸಿ. ಗಾಣ ತಿರುಗಿಸಿದ ಜೈಲು ನಮ್ಮ ಅಜ್ಜಂದಿರ ಜಿಲ್ಲಾ ಕೇಂದ್ರದ ಜೈಲು. ಅದು ದೂರದ ಊರಿನ ಕಥೆಯಲ್ಲ.

ಶಾಲೆ ಕೊನೆಗೂ ಬಂತು

ಅವರ ಕನಸನ್ನು ಬೇರೆಯವರು ಮುಂದುವರಿಸಿದರು. 1919ರಲ್ಲಿ ವಾಲ್‌ಚಂದ್ ಹೀರಾಚಂದ್, ನರೋತ್ತಮ್ ಮೊರಾರ್ಜಿ ಮತ್ತಿತರರು ಸೇರಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕಟ್ಟಿದರು. ಆ ವರ್ಷದ ಏಪ್ರಿಲ್ 5ರಂದು ಅವರ 'ಲಾಯಲ್ಟಿ' ಹಡಗು ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಅದರ ನೆನಪಿಗೆ ಏಪ್ರಿಲ್ 5ನ್ನು ನಮ್ಮ ದೇಶದಲ್ಲಿ ರಾಷ್ಟ್ರೀಯ ಕಡಲ ದಿನವಾಗಿ ಆಚರಿಸುತ್ತಾರೆ.

ಆದರೂ ಅಧಿಕಾರಿಗಳ ಕೊರತೆ ಇದ್ದೇ ಇತ್ತು. ಭಾರತೀಯ ಹುಡುಗರಿಗೆ ಹಡಗಿನ ಅಧಿಕಾರಿಗಳಾಗಲು ತರಬೇತಿ ಬೇಕೆಂಬ ಒತ್ತಾಯ ಜೋರಾಯಿತು. 1927ರಲ್ಲಿ ಬೊಂಬಾಯಿಯಲ್ಲಿ 'ಡಫರಿನ್' ಎಂಬ ಹಡಗನ್ನೇ ತರಬೇತಿ ಶಾಲೆ ಮಾಡಿದರು. ಮೊದಲಿಗೆ ಅಲ್ಲಿ ಕಲಿಸಿದ್ದು ಕ್ಯಾಪ್ಟನ್ ಆಗುವ ದಾರಿಯನ್ನು ಮಾತ್ರ. ಇಂಜಿನಿಯರ್ ಆಗಬಯಸುವವರಿಗೆ ಅಲ್ಲಿ ಜಾಗ ಸಿಕ್ಕಿದ್ದು 1935ರಲ್ಲಿ. ವಿ.ಓ.ಸಿ. ಕಂಪನಿ ಹುಟ್ಟಿ ಇಪ್ಪತ್ತೊಂಬತ್ತು ವರ್ಷಗಳ ನಂತರ, ಅವರು ತೀರಿಕೊಳ್ಳುವ ಹಿಂದಿನ ವರ್ಷ! ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಹಡಗಿನ ಇಂಜಿನಿಯರುಗಳಿಗಾಗಿಯೇ ಸರ್ಕಾರ ಪ್ರತ್ಯೇಕ ತರಬೇತಿ ಆರಂಭಿಸಿತು. ಅದರ ಕಲ್ಕತ್ತಾ ಕಾಲೇಜಿನಲ್ಲಿ ಓದಿದವರು ಇಂದು ಪ್ರಪಂಚದ ಎಲ್ಲ ಸಮುದ್ರಗಳಲ್ಲೂ ಇದ್ದಾರೆ. 1999ರಲ್ಲಿ ಅಲ್ಲಿಂದ ತೇರ್ಗಡೆಯಾದ ಸೋನಾಲಿ ಬ್ಯಾನರ್ಜಿ ಭಾರತದ ಮೊದಲ ಮಹಿಳಾ ಮರೈನ್ ಇಂಜಿನಿಯರ್. 2008ರಲ್ಲಿ ಈ ಸಂಸ್ಥೆಗಳೆಲ್ಲ ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಕಡಲ ವಿಶ್ವವಿದ್ಯಾಲಯದ ಅಡಿಯಲ್ಲಿ ಬಂದವು.

ಹೊಣೆಯ ತೂಕ

ಸಹಿಯ ಹಕ್ಕು ಸಿಕ್ಕಿತು, ಸಂತೋಷ. ಆದರೆ ಆ ಸಹಿಯ ಭಾರ ಎಷ್ಟು? ಎರಡು ಉದಾಹರಣೆ ಸಾಕು.

1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಟೈಟಾನಿಕ್ ಹಡಗು ಹಿಮಬಂಡೆಗೆ ತಗುಲಿತು. ಅದರ ಚೀಫ್ ಇಂಜಿನಿಯರ್ ಜೋಸೆಫ್ ಬೆಲ್. ಹಡಗು ಪೂರ್ತಿ ಮುಳುಗಿದ್ದು ಬೆಳಗಿನ ಜಾವ 2.20ಕ್ಕೆ. ಅದಕ್ಕೆ ಕೆಲವೇ ನಿಮಿಷ ಮುಂಚಿನವರೆಗೂ ದೀಪಗಳು ಉರಿಯುತ್ತಿದ್ದವು. ದೀಪ ಉರಿದದ್ದರಿಂದ ಜನ ದೋಣಿ ಹತ್ತಲು ಸಾಧ್ಯವಾಯಿತು, ವೈರ್‌ಲೆಸ್ಸಿನಲ್ಲಿ ಸಹಾಯ ಕೇಳಲು ಸಾಧ್ಯವಾಯಿತು. ಕೆಳಗೆ ಬಾಯ್ಲರ್, ಪಂಪು, ಡೈನಮೋ ನೋಡಿಕೊಳ್ಳುತ್ತಿದ್ದ ಇಂಜಿನಿಯರುಗಳಲ್ಲಿ ಒಬ್ಬರೂ ಬದುಕಿ ಬರಲಿಲ್ಲ.

ಇನ್ನೊಂದು ನಮ್ಮ ಕಾಲದ್ದು. 2024ರ ಮಾರ್ಚ್ 26ರ ನಸುಕಿನಲ್ಲಿ 'ಡಾಲಿ' ಎಂಬ ಕಂಟೈನರ್ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟಿತ್ತು. ಸಿಬ್ಬಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಭಾರತೀಯರು. ಸೇತುವೆ ಹತ್ತಿರ ಬರುವಾಗ ಹಡಗಿನಲ್ಲಿ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಎಂಜಿನ್ ನಿಂತಿತು, ಹಡಗು ಹಿಡಿತಕ್ಕೆ ಸಿಗಲಿಲ್ಲ. ಸೇತುವೆಯ ಕಂಬಕ್ಕೆ ಬಡಿದು ಸೇತುವೆಯೇ ಕುಸಿಯಿತು. ಅದರ ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಹಡಗಿನಿಂದ ಸಮಯಕ್ಕೆ ಸರಿಯಾಗಿ ಎಚ್ಚರಿಕೆ ಬಂದಿದ್ದರಿಂದ ವಾಹನಗಳನ್ನು ತಡೆಯಲಾಯಿತು, ಇಲ್ಲವಾದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು. 2025ರ ನವೆಂಬರಿನಲ್ಲಿ ಅಮೆರಿಕದ ತನಿಖಾ ಮಂಡಳಿ ಕಾರಣ ಹೇಳಿತು: ವಿದ್ಯುತ್ ಫಲಕದಲ್ಲಿ ಒಂದು ತಂತಿ ಸಡಿಲವಾಗಿತ್ತು. ತಂತಿಯ ಹೆಸರಿನ ಪಟ್ಟಿಯನ್ನು ಸರಿಯಾಗಿ ಹಾಕದೆ ಇದ್ದುದರಿಂದ ಅದು ಪೂರ್ತಿ ಒಳಗೆ ಕೂತಿರಲಿಲ್ಲ.

ಸುಮಾರು 300 ಮೀಟರ್ ಉದ್ದದ ಹಡಗು. ಅದರಲ್ಲಿ ಸಾವಿರಾರು ತಂತಿಗಳು. ಅದರಲ್ಲಿ ಒಂದು ತಂತಿ! ಒಬ್ಬ ಮನುಷ್ಯ ಅಷ್ಟನ್ನೂ ತಾನೇ ಮುಟ್ಟಿ ನೋಡಲು ಸಾಧ್ಯವಿಲ್ಲ. ಹಾಗಾಗಿಯೇ ಒಳ್ಳೆಯ ಚೀಫ್ ನೋಡುವ ಪದ್ಧತಿಯನ್ನು ಕಟ್ಟುತ್ತಾರೆ. ಯಾರು, ಯಾವಾಗ, ಏನನ್ನು ಪರೀಕ್ಷಿಸಬೇಕು ಎಂದು ಬರೆದಿಡುತ್ತಾರೆ. ಕಿರಿಯರು ಹೆದರದೆ "ಇಲ್ಲೇನೋ ಸರಿಯಿಲ್ಲ" ಎಂದು ಹೇಳುವ ವಾತಾವರಣ ಇಟ್ಟಿರುತ್ತಾರೆ. ರಾತ್ರಿ ಎಂಜಿನ್ ರೂಮಿನಲ್ಲಿ ಯಾರೂ ಇಲ್ಲದೆ ಅಲಾರಂ ಮೇಲೆಯೇ ನಡೆಯುವ ಹಡಗುಗಳು ಈಗ ಹೆಚ್ಚು. ಅಲ್ಲಿ ಯಾವಾಗ ತನ್ನನ್ನು ಎಬ್ಬಿಸಬೇಕು ಎಂಬುದನ್ನೂ ಚೀಫ್ ಲಿಖಿತವಾಗಿ ಹೇಳಿರಬೇಕು. ಕೆಲಸ ಮುಗಿಸಿ ಊರಿಗೆ ಹೊರಡುವಾಗ, ಮುಂದೆ ಬರುವ ಚೀಫ್‌ಗೆ ಎಣ್ಣೆಯ ಲೆಕ್ಕ, ಯಂತ್ರಗಳ ಸ್ಥಿತಿ, ಬಾಕಿ ರಿಪೇರಿ ಎಲ್ಲವನ್ನೂ ಬರೆದು ಒಪ್ಪಿಸಬೇಕು. ಮುಚ್ಚಿಟ್ಟ ದೋಷ ಇನ್ನೊಬ್ಬರ ಪ್ರಾಣಕ್ಕೆ ಬರುತ್ತದೆ.

ನಮ್ಮ ಜಿಲ್ಲೆಗಳಿಗೂ ಹಡಗಿಗೂ ಏನು ಸಂಬಂಧ?

ಬಹಳ ಇದೆ. ತಿರುಪ್ಪೂರಿನಲ್ಲಿ ಹೊಲಿದ ಬನಿಯನ್ನು, ಟೀ ಶರ್ಟುಗಳು ಕಂಟೈನರಿನಲ್ಲಿ ತೂತ್ತುಕುಡಿಗೆ ಹೋಗುತ್ತವೆ. ಎಷ್ಟೋ ಪೆಟ್ಟಿಗೆಗಳು ಅಲ್ಲಿಂದ ಕೊಲಂಬೊಗೆ ಹೋಗಿ, ದೊಡ್ಡ ಹಡಗು ಹತ್ತಿ ಯೂರೋಪು, ಅಮೆರಿಕ ಸೇರುತ್ತವೆ. ತೂತ್ತುಕುಡಿ ಬಂದರಿಗೆ 2011ರಲ್ಲಿ ವಿ.ಓ. ಚಿದಂಬರನಾರ್ ಅವರ ಹೆಸರಿಟ್ಟರು. ಅವರ ಹಡಗು ಓಡಿದ ತೂತ್ತುಕುಡಿ ಕೊಲಂಬೊ ದಾರಿಯಲ್ಲೇ ಇಂದು ತಿರುಪ್ಪೂರಿನ ಸರಕು ಓಡುತ್ತಿದೆ. ಎಂಜಿನ್ ನಿಂತು ಹಡಗು ಒಂದು ವಾರ ತಡವಾದರೆ ಅದರ ಬಿಸಿ ತಿರುಪ್ಪೂರಿನ ಮನೆಗಳಿಗೂ ತಟ್ಟುತ್ತದೆ.

ಯಂತ್ರದ ವಿದ್ಯೆಯೂ ಈ ನೆಲಕ್ಕೆ ಹೊಸದಲ್ಲ. ಕೊಯಮತ್ತೂರಿನ ಮೊದಲ ನೂಲಿನ ಗಿರಣಿ, ಜನರ ಬಾಯಲ್ಲಿ ಸ್ಟೇನ್ಸ್ ಮಿಲ್, 1888ರಲ್ಲಿ ಶುರುವಾದದ್ದು. ಪೈಕಾರದ ವಿದ್ಯುತ್ 1930ರ ದಶಕದ ಆರಂಭದಲ್ಲಿ ಬಂದ ಮೇಲೆ ಗಿರಣಿಗಳ ಸಂಖ್ಯೆ ಏರಿತು. ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ 1937ರಲ್ಲಿ ಭಾರತದ ಮೊದಲ ವಿದ್ಯುತ್ ಮೋಟಾರನ್ನು ಕೊಯಮತ್ತೂರಿನಲ್ಲೇ ತಯಾರಿಸಿದರು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಲ್ಲಿ ಇಂದಿಗೂ ಬಾಯ್ಲರುಗಳು ಉರಿಯುತ್ತವೆ, ಅವನ್ನು ನೋಡಿಕೊಳ್ಳಲು ಪ್ರಮಾಣಪತ್ರ ಇರುವವರೇ ಬೇಕು. ಈ ಎರಡು ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ, ಒಕ್ಕಲಿಗರಿದ್ದಾರೆ. ಸಿರುಮುಗೈಯ ಮಗ್ಗದ ಮನೆಗಳಲ್ಲಿ ಕನ್ನಡ ಕೇಳುತ್ತದೆ. ಮಗ್ಗದ ಸದ್ದಿನಲ್ಲಿ ಬೆಳೆದ ಮಗುವಿಗೆ ಯಂತ್ರದ ಕಿವಿ ತಾನಾಗಿ ಬಂದಿರುತ್ತದೆ.

ಹಾಗಾದರೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ದಾರಿ ತೆರೆದಿದೆಯೇ? ತೆರೆದಿದೆ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು, ನಾಲ್ಕು ವರ್ಷದ ಮರೈನ್ ಇಂಜಿನಿಯರಿಂಗ್ ಸೇರಬಹುದು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವರಿಗೂ ಪ್ರತ್ಯೇಕ ತರಬೇತಿ ಇದೆ. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಇಂಗ್ಲಿಷಿನಲ್ಲಿ ಶೇಕಡಾ 50 ಅಂಕ ಕೇಳುತ್ತಾರೆ. ಕನ್ನಡ ಮಾಧ್ಯಮದ ಶಿಕ್ಷಕರು ಇದನ್ನು ಮರೆಯಬಾರದು. ವಿಜ್ಞಾನವನ್ನು ಕನ್ನಡದಲ್ಲಿ ಗಟ್ಟಿಯಾಗಿ ಕಲಿಸೋಣ, ಅದರ ಜೊತೆಗೆ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸೋಣ. ಹಿಂದೆ ಸಾರಂಗ್‌ನ ಎದುರು ಎದ್ದ ಗೋಡೆಗಳಲ್ಲಿ ಭಾಷೆಯೂ ಒಂದು. ಅದೇ ಗೋಡೆ ನಮ್ಮ ಮಕ್ಕಳ ಎದುರು ಏಳಬಾರದು.

ಪೋಷಕರಿಗೆ ಒಂದು ಎಚ್ಚರಿಕೆ. "ಹಡಗಿನಲ್ಲಿ ಕೆಲಸ ಕೊಡಿಸುತ್ತೇವೆ" ಎಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳು ಎಲ್ಲೆಡೆ ಇದ್ದಾರೆ. ಕೇಂದ್ರ ಸರ್ಕಾರದ ಹಡಗು ಸಾರಿಗೆ ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆ ಹೌದೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೇರಿದ ಮೇಲೂ ಚೀಫ್ ಆಗುವುದು ತಕ್ಷಣದ ಮಾತಲ್ಲ. ಕೆಳಗಿನ ದರ್ಜೆಯಿಂದ ಪರೀಕ್ಷೆ, ಸಮುದ್ರದ ಅನುಭವ, ಮತ್ತೆ ಪರೀಕ್ಷೆ ಹೀಗೆ ಹಲವು ವರ್ಷ ಬೇಕು. ತಿಂಗಳುಗಟ್ಟಲೆ ಮನೆಯಿಂದ ದೂರ ಇರಬೇಕು. ಹಬ್ಬ, ಮದುವೆ, ತಾಯಿತಂದೆಯರ ಕಾಯಿಲೆ ಯಾವುದಕ್ಕೂ ನೆನೆದಾಗ ಬರುವಂತಿಲ್ಲ. ಸಂಬಳ ಒಳ್ಳೆಯದೇ, ಆದರೆ ಅದು ಈ ದೂರಕ್ಕೂ ಆ ಹೊಣೆಗೂ ಕೊಡುವ ಬೆಲೆ.

ವಿ.ಓ.ಸಿ. ಪಾಠ ಬಂದಾಗ ಮಕ್ಕಳಿಗೆ ದರದ ಯುದ್ಧ, ಗಾಣ ಎರಡನ್ನೂ ಹೇಳಿ. ಅದರ ಜೊತೆಗೆ ಅವರು ತೆರೆಯಬೇಕೆಂದಿದ್ದ ಶಾಲೆಯ ಬಗ್ಗೆಯೂ ಹೇಳಿ. ಆ ಶಾಲೆ ತಡವಾಗಿಯಾದರೂ ಬಂದಿದೆ, ಅದರಲ್ಲಿ ಕನ್ನಡ ಶಾಲೆಯ ಮಗುವಿಗೂ ಬೆಂಚಿದೆ ಎಂದು ಹೇಳಿ. ನಿಮ್ಮ ಊರಿನಿಂದ, ನಿಮ್ಮ ಬಂಧುಬಳಗದಿಂದ ಹಡಗಿನ ಎಂಜಿನ್ ರೂಮಿಗೆ ಹೋದವರು ಯಾರಾದರೂ ಇದ್ದರೆ, ರಜೆಗೆ ಬಂದಾಗ ಒಂದು ದಿನ ಶಾಲೆಗೆ ಕರೆಸಿ ಮಾತಾಡಿಸಿ. ಪುಸ್ತಕದಲ್ಲಿ ಸಿಗದ ಎಷ್ಟೋ ವಿಷಯ ಅವರ ಬಾಯಿಂದ ಮಕ್ಕಳಿಗೆ ಸಿಗುತ್ತದೆ.